ವಿಮಾನದಲ್ಲಿ ಬೀಜ, ಸಸಿ, ಸೊಪ್ಪು, ಹಣ್ಣು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಹೊರದೇಶಕ್ಕೆ ಹೋಗಿಬರುವವರು ಈಗ ಬಹಳ ಮಂದಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ, ದುಬೈಯಲ್ಲಿ ದುಡಿಯುವ ಮಗ, ಉಮ್ರಾ ಮುಗಿಸಿ ಬಂದ ನೆರೆಮನೆಯವರು, ಹನಿ ನೀರಾವರಿ ನೋಡಲು ಇಸ್ರೇಲಿಗೆ ಹೋದ ರೈತರು. ಎಲ್ಲರ ಬ್ಯಾಗಿನಲ್ಲೂ ಏನಾದರೊಂದು ಬೀಜವೋ ಸೊಪ್ಪೋ ಇದ್ದೇ ಇರುತ್ತದೆ. ಮದುವೆ ಮನೆಯಲ್ಲಿ, ಬೀಜದ ಅಂಗಡಿ ಮುಂದೆ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸಿದ ಮೇಲೆ ಆ ದೇಶದ ಕೃಷಿ ಇಲಾಖೆ ಅಥವಾ ಕಸ್ಟಮ್ಸ್ ಜಾಲತಾಣವನ್ನು ಒಮ್ಮೆ ತಪ್ಪದೆ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಒಂದು ಹಿಡಿ ಬೀಜ ತಗೊಂಡು ಹೋದ್ರೆ ಏನಾಗುತ್ತೆ ರೀ? ಅದಕ್ಕೂ ಕಾನೂನಾ?

ಹೌದು, ಒಂದು ಹಿಡಿಗೂ ಕಾನೂನಿದೆ. ಯಾಕೆ ಅನ್ನುವುದು ಸಿರುಗುಪ್ಪ, ಕುರುಗೋಡು ಕಡೆಯ ಮೆಣಸಿನಕಾಯಿ ರೈತರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

2021-22ರ ಹಂಗಾಮು ನೆನಪಿದೆಯಲ್ವಾ? ಗಿಡ ಎದೆ ಮಟ್ಟ ಬೆಳೆದಿತ್ತು, ಹೂವೂ ಚೆನ್ನಾಗಿ ಬಿಟ್ಟಿತ್ತು. ಆದರೆ ಕಾಯಿ ಕಟ್ಟಲಿಲ್ಲ. ಹೂವು ಕಿತ್ತು ಬಿಳಿ ಹಾಳೆಯ ಮೇಲೆ ತಟ್ಟಿದರೆ ಒಂದು ಮಿಲಿಮೀಟರಿನಷ್ಟು ಉದ್ದದ ಕಪ್ಪು ಚುಕ್ಕೆಗಳು ಸರಸರ ಓಡುತ್ತಿದ್ದವು. ಅದೇ ಕಪ್ಪು ಥ್ರಿಪ್ಸ್. ವಿಜ್ಞಾನದ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್. ಇದು ಆಗ್ನೇಯ ಏಷ್ಯಾದ ಕೀಟ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. ಆರೇ ವರ್ಷದಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ಜಿಲ್ಲೆಗಳ ಮೆಣಸಿನಕಾಯಿ ಹೊಲಗಳನ್ನು ಅದು ತಿಂದುಹಾಕಿತು. ಹೂವಿನೊಳಗೆ ಅವಿತು ಕೂರುವುದರಿಂದ ಔಷಧಿ ತಾಗುವುದೂ ಕಷ್ಟ. ಸಾಲ ತಂದು ವಾರಕ್ಕೆರಡು ಸಲ ಸಿಂಪಡಿಸಿದವರೂ ಕೊನೆಗೆ ಗಿಡ ಕಿತ್ತು ಬದುವಿಗೆ ಹಾಕಿದರು.

ಮೆಕ್ಕೆಜೋಳಕ್ಕೆ ಬಂದ ಫಾಲ್ ಸೈನಿಕ ಹುಳುವಿನ ಕಥೆಯೂ ಇಂಥದ್ದೇ. ಅದು ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಒಳಗೆ ಬಂದ ಮೇಲೆ ಇಂಥವನ್ನು ಹೊರಗೆ ಹಾಕುವುದು ಯಾರ ಕೈಲೂ ಆಗುವುದಿಲ್ಲ. ಬಾಗಿಲಲ್ಲೇ ತಡೆಯುವುದೊಂದೇ ದಾರಿ, ವಿಮಾನ ನಿಲ್ದಾಣ ಅಂಥದ್ದೊಂದು ಬಾಗಿಲು.

ಬೀಜ ಚೊಕ್ಕ ಮಾಡಿ, ಹುಳ ಇಲ್ಲದ್ದನ್ನೇ ಆರಿಸಿ ಇಟ್ಟೀನಿ. ಆಗ್ಲೂ ಬೇಡ ಅಂತಾರಾ?

ಕಣ್ಣಿಗೆ ಕಾಣುವ ಹುಳ ಒಂದು ಭಾಗ ಅಷ್ಟೇ. ರೋಗದ ಶಿಲೀಂಧ್ರ, ದುಂಡಾಣು, ವೈರಸ್ಸು ಬೀಜದ ಸಿಪ್ಪೆಯ ಮೇಲೂ ಒಳಗೂ ಕೂತಿರುತ್ತವೆ. ಟೊಮೆಟೊ ಹಣ್ಣನ್ನು ಕಂದು ಬಣ್ಣಕ್ಕೆ ತಿರುಗಿಸಿ ಸುಕ್ಕಾಗಿಸುವ ವೈರಸ್ಸೊಂದು ಇಸ್ರೇಲ್, ಜೋರ್ಡಾನ್ ಕಡೆ ಮೊದಲು ಕಂಡಿತು. ಅದು ಬೀಜದ ಮೇಲ್ಮೈಗೆ ಅಂಟಿಕೊಂಡೇ ದೇಶ ದೇಶ ಸುತ್ತಿದೆ. ಬೀಜ ನೋಡಲು ಹೊಳೆಯುತ್ತಲೇ ಇರುತ್ತದೆ.

ಸಸಿಯಲ್ಲಿ ಅಪಾಯ ಇನ್ನೂ ಜಾಸ್ತಿ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಹಾಕಿದವರಿಗೆ ದುಂಡಾಣು ಅಂಗಮಾರಿ ಗೊತ್ತು. ರೋಗದ ತೋಟದಿಂದ ತಂದ ಸಸಿ ನೆಟ್ಟಾಗ ಅದು ಹಸಿರಾಗೇ ಇರುತ್ತದೆ. ಮಳೆ ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ಎಣ್ಣೆ ಚುಕ್ಕೆ ಮೂಡಿ ಕಾಯಿ ಸೀಳುತ್ತದೆ. ದೇಶದೊಳಗಿನ ಸಸಿಯೇ ಹೀಗೆ ಮಾಡುವಾಗ ಹೊರಗಿನದ್ದನ್ನು ಪರೀಕ್ಷೆ ಇಲ್ಲದೆ ನಂಬುವುದು ಹೇಗೆ?

ತಿನ್ನೋಕೆ ಒಯ್ಯೋದಕ್ಕೂ ನೆಡೋಕೆ ಒಯ್ಯೋದಕ್ಕೂ ಬೇರೆ ಬೇರೆ ರೂಲ್ಸಾ?

ಬೇರೆ ಬೇರೆ. ಹೆಚ್ಚಿನ ದೇಶಗಳಲ್ಲಿ ಮೊದಲು ನೋಡುವುದೇ ಇದನ್ನು. ನೆಡುವ ಬೀಜ, ಸಸಿ, ಕಡ್ಡಿ, ಗೆಡ್ಡೆಗೆ ಬಿಗಿ ಜಾಸ್ತಿ, ಯಾಕೆಂದರೆ ಅದು ನೇರ ಮಣ್ಣಿಗೆ ಹೋಗುತ್ತದೆ. ತಿನ್ನುವ ಪದಾರ್ಥದಲ್ಲೂ ಬೇಯಿಸಿದ್ದು, ಹುರಿದದ್ದು, ಕಂಪನಿ ಪ್ಯಾಕಿನಲ್ಲಿರುವುದು ಸಲೀಸು. ಹಸಿ ಹಣ್ಣು, ಹಸಿ ಸೊಪ್ಪು, ಇಡೀ ಕಾಳು ಕಷ್ಟ. ಅನುಮಾನ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮಣ್ಣಿಗೆ ಹಾಕಿದರೆ ಮೊಳೆಯುತ್ತದಾ? ಮೊಳೆಯುವಂಥದ್ದಾದರೆ ಒಯ್ಯುವ ಮುಂಚೆ ವಿಚಾರಿಸಲೇಬೇಕು.

ಇದೆ ಅಂತ ಹೇಳಿದ್ರೆ ಕಿತ್ಕೋತಾರೆ. ಸುಮ್ನೆ ಗ್ರೀನ್ ಚಾನೆಲ್‌ನಲ್ಲಿ ಬಂದುಬಿಟ್ರೆ?

ಗ್ರೀನ್ ಚಾನೆಲ್ ಅಂದರೆ ಹೇಳುವಂಥದ್ದು ಏನೂ ಇಲ್ಲ ಅನ್ನುವವರ ದಾರಿ. ದಯವಿಟ್ಟು ಹಾಗೆ ಮಾಡಬೇಡಿ. ಈ ಪುಟದಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ: ಹೇಳಿದವರಿಗೆ ಸಾಮಾನ್ಯವಾಗಿ ದಂಡ ಬೀಳುವುದಿಲ್ಲ, ಮುಚ್ಚಿಟ್ಟವರಿಗೆ ಬೀಳುತ್ತದೆ.

ಅಮೆರಿಕದಲ್ಲಿ ನೀವಾಗಿ ಹೇಳಿದರೆ ಅಧಿಕಾರಿ ಆ ಪದಾರ್ಥ ನೋಡುತ್ತಾರೆ. ಬಿಡುವಂಥದ್ದಾದರೆ ಬಿಡುತ್ತಾರೆ, ಇಲ್ಲದಿದ್ದರೆ ತೆಗೆದು ಹಾಕುತ್ತಾರೆ. ಅಷ್ಟಕ್ಕೇ ಮುಗಿಯಿತು. ಹೇಳದೆ ಸಿಕ್ಕಿಬಿದ್ದರೆ ಡಾಲರಿನಲ್ಲಿ ದಂಡ ಕಟ್ಟಬೇಕು. ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಒಂದು ಸೇಬು ಮರೆತು ಬ್ಯಾಗಿನಲ್ಲಿ ಉಳಿದಿದ್ದರೂ ಅಷ್ಟೇ. ಆಸ್ಟ್ರೇಲಿಯಾದಲ್ಲಿ ದಂಡದ ಜೊತೆಗೆ ವೀಸಾ ರದ್ದು ಮಾಡುವ ಅಧಿಕಾರವೂ ಅವರಿಗಿದೆ. ಬ್ಯಾಗ್ ಮೂಸುವ ನಾಯಿಗಳು ಅಲ್ಲಿ ಬಟ್ಟೆಯ ಸುರುಳಿಯೊಳಗೆ ಸುತ್ತಿಟ್ಟ ಹಣ್ಣನ್ನೂ ಪತ್ತೆ ಮಾಡುತ್ತವೆ.

ನಮ್ಮ ದೇಶಕ್ಕೆ ಬರುವಾಗಲೂ ಬೀಜ, ಗಿಡ, ಹಣ್ಣು, ಹೂವಿನ ವಿಷಯ ಕಸ್ಟಮ್ಸ್ ಡಿಕ್ಲರೇಷನ್‌ನಲ್ಲಿದೆ. ಇದ್ದರೆ ರೆಡ್ ಚಾನೆಲ್‌ಗೆ ಹೋಗಿ ಹೇಳಬೇಕು. ಮುಚ್ಚಿಟ್ಟರೆ 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಜಪ್ತಿ, ದಂಡ ಎರಡೂ ಆಗಬಹುದು.

ತೋರಣಗಲ್ಲಿನಲ್ಲೇ ವಿಮಾನ ಹತ್ತಿದ್ರೆ ತಪಾಸಣೆ ಎಲ್ಲಿ ಆಗುತ್ತೆ?

ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ ದೇಶದೊಳಗಿನ ಹಾರಾಟಕ್ಕೆ ಮಾತ್ರ. ಅಲ್ಲಿ ನೋಡುವುದು ಭದ್ರತೆಯನ್ನಷ್ಟೇ. ಬೀಜ, ಗಿಡದ ತಪಾಸಣೆ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ. ಬಳ್ಳಾರಿ, ಕೊಪ್ಪಳದವರಿಗೆ ಹೆಚ್ಚಾಗಿ ಬೆಂಗಳೂರು, ರಾಯಚೂರಿನವರಿಗೆ ಹೈದರಾಬಾದು. ಎರಡೂ ಕಡೆ ಬೀಜ, ಗಿಡದಲ್ಲಿ ರೋಗ, ಕೀಟ ಇದೆಯಾ ಅಂತ ನೋಡುವ ಕೇಂದ್ರ ಸರ್ಕಾರದ ಪ್ಲಾಂಟ್ ಕ್ವಾರಂಟೈನ್ ಕಚೇರಿ ಇದೆ.

ಇನ್ನೊಂದು ವಿಷಯ. ಅಮೆರಿಕಕ್ಕೆ ಹೋಗುವಾಗ ಅವರ ನೆಲದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ತಪಾಸಣೆ ಆಗುತ್ತದೆ. ನ್ಯೂಯಾರ್ಕ್ ಮೇಲೆ ಡಲ್ಲಾಸಿಗೆ ಹೋಗುವವರು ನ್ಯೂಯಾರ್ಕಿನಲ್ಲೇ ಬ್ಯಾಗ್ ತೆಗೆದುಕೊಂಡು ತೋರಿಸಬೇಕು. ಅಬುಧಾಬಿ ಮೇಲೆ ಹೋದರೆ ಅಮೆರಿಕದ ಅಧಿಕಾರಿಗಳು ಅಬುಧಾಬಿಯಲ್ಲೇ ಕೂತಿರುತ್ತಾರೆ.

## ಇಲ್ಲಿಂದ ಹೊರಟಾಗ

ಮಗಳಿಗೆ ಉಡಿ ತುಂಬಿದೀವಿ. ಹಾಗೇ ಗಂಟು ಕಟ್ಟಿ ಕಳಿಸಬಹುದೇನ್ರಿ?

ಇದನ್ನು ಕೇಳದ ತಾಯಿಯೇ ಇಲ್ಲ. ಬಿಚ್ಚಿ ಒಂದೊಂದಾಗಿ ನೋಡೋಣ.

ಉಡಿ ಅಂದರೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ, ಅಡಿಕೆ, ಜೊತೆಗೊಂದು ಖಣ. ಖಣಕ್ಕೆ ಯಾವ ದೇಶದಲ್ಲೂ ತಕರಾರಿಲ್ಲ. ಅಕ್ಕಿಗೆ ಅಮೆರಿಕವೂ ಆಸ್ಟ್ರೇಲಿಯಾವೂ ಬೇಡ ಅನ್ನುತ್ತವೆ. ಕಾರಣ ಖಪ್ರಾ ಅನ್ನುವ ಕಾಳಿನ ಹುಳ. ಅದರ ಮೂಲ ನಮ್ಮ ಉಪಖಂಡವೇ. ಅದರ ಮರಿ ಚೀಲದ ಹೊಲಿಗೆಯಲ್ಲಿ, ಗೋಡೆಯ ಬಿರುಕಿನಲ್ಲಿ ಅನ್ನವಿಲ್ಲದೆ ವರ್ಷಗಟ್ಟಲೆ ಬದುಕಿರಬಲ್ಲದು. ಒಮ್ಮೆ ಗೋದಾಮು ಹೊಕ್ಕರೆ ತೆಗೆಯುವುದು ಬಹಳ ಕಷ್ಟ. ಹಸಿ ವೀಳ್ಯದೆಲೆ ಯಾವ ದೇಶಕ್ಕೂ ಕಟ್ಟದಿರುವುದೇ ಲೇಸು. ಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ, ಅದನ್ನು ಮುಂದೆ ಹೇಳಿದ್ದೇನೆ. ಅರಿಷಿಣ ಕೊಂಬಿನ ಬದಲು ಪ್ಯಾಕೆಟ್ ಅರಿಷಿಣ ಪುಡಿ ಇಡಿ. ಉತ್ತತ್ತಿ, ಅಡಿಕೆ ಇಡಲೇಬೇಕೆಂದರೆ ಹೇಳಿ ತೋರಿಸಬೇಕು.

ನನ್ನ ಸಲಹೆ ಇಷ್ಟು. ಉಡಿಯನ್ನು ಮನೆಯಲ್ಲೇ ಶಾಸ್ತ್ರೋಕ್ತವಾಗಿ ತುಂಬಿ. ಆ ಅಕ್ಕಿಯನ್ನು ಹೊರಡುವ ಮುಂಚೆ ಹುಗ್ಗಿಯೋ ಪಾಯಸವೋ ಮಾಡಿ ಮಗಳಿಗೆ ಉಣಿಸಿ. ಖಣ, ಕುಂಕುಮ, ಅರಿಷಿಣ ಪುಡಿ ಅವಳ ಜೊತೆ ಹೋಗಲಿ. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಎರಡೂ ಸಿಗುತ್ತವೆ. ಮದುವೆಗೆ ಒಯ್ಯುವ ಅಕ್ಷತೆಗೂ ಇದೇ ಮಾತು. ಅರಿಷಿಣ ಹಚ್ಚಿದರೂ ಅದು ಅಕ್ಕಿಯೇ.

ಕರಿಬೇವಿನ ಸಸಿ ಒಂದು ಒಯ್ಯಬೇಕು ಅಂತ ಆಸೆ. ಸೊಪ್ಪಾದ್ರೂ?

ಅಮೆರಿಕಕ್ಕಾದರೆ ಸಸಿಯೂ ಬೇಡ, ಹಸಿ ಸೊಪ್ಪೂ ಬೇಡ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು. ನಿಂಬೆ, ಕಿತ್ತಳೆ ತೋಟಗಳನ್ನು ಹಾಳು ಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವುದು ಸಿಲ್ಲಿಡ್ ಅನ್ನುವ ಪುಟ್ಟ ಕೀಟ. ಅದಕ್ಕೆ ಕರಿಬೇವು ಬಲು ಪ್ರೀತಿ. ಫ್ಲೋರಿಡಾದ ಕಿತ್ತಳೆ ತೋಟಗಳು ಈ ರೋಗದಿಂದ ನೆಲ ಕಚ್ಚಿವೆ. ಅದಕ್ಕೇ ಅವರು ಒಂದು ಎಸಳು ಕಂಡರೂ ತೆಗೆಯುತ್ತಾರೆ. ಬಿಲ್ವಪತ್ರೆಯೂ ಇದೇ ಕುಟುಂಬದ್ದು. ಪೂಜೆಗೆಂದು ಹಸಿ ಪತ್ರೆ ಕಟ್ಟಿಕೊಂಡು ಹೋಗಬೇಡಿ.

ಗಿಡ ಬೇಕೇ ಬೇಕು ಅನ್ನುವವರು ಅಲ್ಲಿನ ಪರವಾನಗಿ ಇರುವ ನರ್ಸರಿಯಲ್ಲೇ ಕೊಳ್ಳಲಿ. ತುಳಸಿಗೂ ಇದೇ ದಾರಿ.

ಆಸ್ಟ್ರೇಲಿಯಾದಲ್ಲಿ ಮಗ ಇದಾನೆ. ಗಂಗಾವತಿ ಸೋನಾಮಸೂರಿ, ರಾಯಚೂರಿನ ತೊಗರಿಬೇಳೆ, ಒಣ ಮೆಣಸಿನಕಾಯಿ ಕೊಡಬಹುದಾ?

ನಮ್ಮ ನೆಲದ ಹೆಮ್ಮೆಯ ಮೂರು ಬೆಳೆ ಹೇಳಿದಿರಿ. ಮೂರೂ ಅವರ ನಿಷೇಧದ ಪಟ್ಟಿಯಲ್ಲಿವೆ. ಖಪ್ರಾ ಹುಳಕ್ಕೆ ಹೆದರಿ ಆಸ್ಟ್ರೇಲಿಯಾ 2020ರ ಅಕ್ಟೋಬರಿನಿಂದ ಪ್ರಯಾಣಿಕರ ಬ್ಯಾಗಿನಲ್ಲೂ ಅಂಚೆಯಲ್ಲೂ ಇವುಗಳನ್ನು ನಿಲ್ಲಿಸಿತು. ಪಟ್ಟಿ ಉದ್ದ ಇದೆ: ಅಕ್ಕಿ, ಗೋಧಿ, ಕಡಲೆ, ತೊಗರಿ, ಹೆಸರು, ಅಲಸಂದೆ, ಮಸೂರ, ಬಟಾಣಿ, ಸೋಯಾ, ಶೇಂಗಾ, ಕುಸುಬೆ, ಕೊತ್ತಂಬರಿ ಕಾಳು, ಜೀರಿಗೆ, ಸೋಂಪು, ಒಣ ಮೆಣಸಿನಕಾಯಿ, ಕುಂಬಳ ಸೌತೆ ಜಾತಿಯ ಬೀಜ. ತೊಗರಿ ಬೇಳೆಯಾದರೆ ನಡೆಯುತ್ತದೇನೋ ಅಂತ ಪರೀಕ್ಷೆ ಮಾಡಲು ಹೋಗಬೇಡಿ.

ಹುರಿದದ್ದು, ಕರಿದದ್ದು, ಬೇಯಿಸಿದ್ದು, ಅದೂ ಕಾರ್ಖಾನೆಯಲ್ಲಿ ತಯಾರಾಗಿ ಪ್ಯಾಕ್ ಆದದ್ದಕ್ಕೆ ವಿನಾಯಿತಿ ಇದೆ. ಮನೆಯಲ್ಲಿ ಹುರಿದು ಡಬ್ಬಿಗೆ ಹಾಕಿದ ಶೇಂಗಾ ಈ ವಿನಾಯಿತಿಗೆ ಸೇರುವುದಿಲ್ಲ. ಕಂಪನಿ ಪ್ಯಾಕಿನ ಹುರಿದ ಶೇಂಗಾ ಕೊಡಿ, ಬಿಲ್ಲು ಜೊತೆಗಿರಲಿ, ಅಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ಆಹಾರ ಇದೆ ಅಂತ ಟಿಕ್ ಮಾಡಲು ಹೇಳಿ.

ಅಮೆರಿಕವೂ ಖಪ್ರಾ ಇರುವ ದೇಶಗಳಿಂದ ಬ್ಯಾಗಿನಲ್ಲಿ ಅಕ್ಕಿ, ಕಡಲೆ, ಸೋಯಾ, ಕುಸುಬೆ ತರುವುದನ್ನು ತಡೆದಿದೆ. ಅಂಗಡಿಗೆ ಹಡಗಿನಲ್ಲಿ ಬರುವ ಸೋನಾಮಸೂರಿ ಬೇರೆ ವಿಷಯ. ಅದು ಪ್ರಮಾಣಪತ್ರದ ಜೊತೆ ಹೋಗುತ್ತದೆ.

ದುಬೈಗೆ ಗಸಗಸೆ ಒಯ್ದು ಜೈಲಿಗೆ ಹೋಗ್ತಾರೆ ಅಂತಾರಲ್ಲ, ನಿಜಾನಾ?

ನಿಜ, ಹಗುರವಾಗಿ ತೆಗೆದುಕೊಳ್ಳಬೇಡಿ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ನಮಗದು ಹಬ್ಬದ ಪಾಯಸ, ಅವರಿಗದು ಅಫೀಮು ಗಿಡದ ಬೀಜ. ಗೊತ್ತಿರಲಿಲ್ಲ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ವೀಳ್ಯದೆಲೆ, ಪಾನ್ ಸಾಮಾನೂ ಅಲ್ಲಿ ನಿಷೇಧ. ಸಿಂಗಾಪುರದಲ್ಲೂ ಗಸಗಸೆಗೆ ಮಾದಕ ವಸ್ತು ಇಲಾಖೆಯ ಒಪ್ಪಿಗೆ ಬೇಕು.

ಹೊಸದಾಗಿ ಕೆಲಸಕ್ಕೆ ಹೊರಟ ಹುಡುಗರ ಬ್ಯಾಗನ್ನು ಮನೆಯವರು ತುಂಬುತ್ತಾರೆ. ಮಸಾಲೆ ಡಬ್ಬಿಯ ಮೂಲೆಯಲ್ಲಿ, ಲಡ್ಡು ಪೊಟ್ಟಣದಲ್ಲಿ ಗಸಗಸೆ ಇದೆಯಾ ಅಂತ ಹೊರಡುವ ಹುಡುಗನೇ ತೆಗೆದು ನೋಡಬೇಕು. ಯಾರೋ ಪರಿಚಯದವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಲೇಬಾರದು.

ಒಣಕೊಬ್ಬರಿ ಏನು ಪಾಪ ಮಾಡಿದೆ? ಬೆಂಗಳೂರಲ್ಲೇ ತೆಗೆಸಿಬಿಟ್ರು.

ಇದು ಸಸ್ಯ ರೋಗದ ನಿಯಮವೇ ಅಲ್ಲ, ಬೆಂಕಿಯ ನಿಯಮ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಗಾಳಿಯಾಡದೆ ರಾಶಿ ಬಿದ್ದರೆ ತಾನಾಗಿ ಬಿಸಿಯಾಗುವ ಗುಣ ಅದಕ್ಕಿದೆ. ಹಾಗಾಗಿ ವಿಮಾನ ಸಾಗಣೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿ ಯುಎನ್ 1363 ಅನ್ನುವ ನಂಬರಿನಲ್ಲಿದೆ. ದೇಶದೊಳಗಿನ ವಿಮಾನದಲ್ಲೂ ಬಿಡುವುದಿಲ್ಲ. ಕೈಚೀಲದಲ್ಲಿ ಖಾರದ ಪುಡಿ, ಉಪ್ಪಿನಕಾಯಿಯನ್ನೂ ತಡೆಯುತ್ತಾರೆ. ಅವು ಚೆಕ್-ಇನ್ ಬ್ಯಾಗಿಗೆ ಹೋಗಲಿ.

ಕೊಪ್ಪಳದ ಕೇಸರ್ ಮಾವಿನಹಣ್ಣು ಒಂದು ಡಜನ್?

ಅಮೆರಿಕಕ್ಕೆ ಬ್ಯಾಗಿನಲ್ಲಿ ಇಲ್ಲ. ಭಾರತದ ಮಾವಿಗೆ ಅವರು 2007ರಲ್ಲಿ ಬಾಗಿಲು ತೆರೆದರು. ಆದರೆ ವಿಕಿರಣ ಸಂಸ್ಕರಣೆ ಮಾಡಿದ, ಪ್ರಮಾಣಪತ್ರ ಇರುವ ವ್ಯಾಪಾರದ ಪೆಟ್ಟಿಗೆಗೆ ಮಾತ್ರ. ಯುರೋಪ್ ಒಕ್ಕೂಟಕ್ಕೆ ಪ್ರಯಾಣಿಕರು ಫೈಟೋ ಸರ್ಟಿಫಿಕೇಟ್ (ರೋಗ, ಕೀಟ ಇಲ್ಲ ಅಂತ ಸರ್ಕಾರ ಕೊಡುವ ಪತ್ರ) ಇಲ್ಲದೆ ಒಯ್ಯಬಹುದಾದ ಹಣ್ಣು ಐದೇ: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡೂರಿಯನ್.

ಇಷ್ಟು ಬಿಗಿ ಯಾಕೆ ಅಂದರೆ ಹಣ್ಣಿನೊಳಗೆ ಹುಳವಾಗಿ ಬೆಳೆಯುವ ಹಣ್ಣಿನ ನೊಣ. ಅದು ಎಷ್ಟು ದುಬಾರಿ ಅಂತ ಒಂದು ಉದಾಹರಣೆ ಕೊಡುತ್ತೇನೆ. ಭಾರತದಿಂದ ಹೋದ ಸರಕಿನಲ್ಲಿ ಹುಳ ಕಂಡಿದ್ದಕ್ಕೆ ಯುರೋಪ್ ಒಕ್ಕೂಟ 2014ರ ಮೇ ತಿಂಗಳಿನಿಂದ ನಮ್ಮ ಮಾವು, ಬದನೆ, ಹಾಗಲ, ಪಡುವಲ, ಕೆಸುವನ್ನೇ ನಿಲ್ಲಿಸಿತು. ಮಾವಿನ ಮೇಲಿನ ತಡೆ ತೆಗೆದದ್ದು 2015ರಲ್ಲಿ. ಅಷ್ಟರಲ್ಲಿ ಒಂದು ಹಂಗಾಮು ಕೈತಪ್ಪಿತ್ತು. ಹುಳ ಇಲ್ಲದ ತೋಟದ ರೈತನಿಗೂ ಆ ವರ್ಷ ಅದೇ ಗತಿ.

ಕಿನ್ನಾಳ ಗೊಂಬೆ ಉಡುಗೊರೆ ಕೊಡಬೇಕು. ಮರದ್ದಲ್ವಾ, ತೊಂದ್ರೆ ಆಗುತ್ತಾ?

ಬಣ್ಣ ಬಳಿದು ಮುಗಿಸಿದ ಗೊಂಬೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವಾಗ ಮರದ ವಸ್ತು ಇದೆ ಅಂತ ಹೇಳಲೇಬೇಕು. ತೊಗಟೆ ಉಳಿದಿರಬಾರದು, ಹುಳ ಕೊರೆದ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಾಣಬಾರದು. ಕೊಳ್ಳುವಾಗಲೇ ತಳಭಾಗ ತಿರುಗಿಸಿ ನೋಡಿ. ಪ್ಯಾಕಿಗೆ ಹುಲ್ಲು ತುಂಬಬೇಡಿ, ಕಾಗದ ತುಂಬಿ.

## ಹೊರಗಿಂದ ತರುವಾಗ

ಉಮ್ರಾದಿಂದ ಖರ್ಜೂರ ತಂದೀವಿ. ಅದರ ಬೀಜ ಹೊಲದಲ್ಲಿ ಹಾಕಬಹುದಾ? ಸಸಿ ತಂದ್ರೆ?

ತಿನ್ನುವ ಖರ್ಜೂರ ತರುವುದು ಬೇರೆ, ನೆಡುವುದಕ್ಕೆ ಬೀಜ, ಸಸಿ ತರುವುದು ಬೇರೆ. ನೆಡುವ ಉದ್ದೇಶಕ್ಕೆ ಆಮದು ಪರವಾನಗಿಯೂ ಆ ದೇಶದ ಫೈಟೋ ಸರ್ಟಿಫಿಕೇಟೂ ಬೇಕು. ಬೇರಿನ ಜೊತೆ ಮಣ್ಣಂತೂ ಬರಲೇಬಾರದು.

ಕಾನೂನು ಪಕ್ಕಕ್ಕಿಟ್ಟು ಬೇಸಾಯದ ಮಾತು ಆಡೋಣ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಸುಮಾರು ಅರ್ಧದಷ್ಟು ಗಂಡೇ ಬರುತ್ತವೆ. ಅದು ತಿಳಿಯುವುದು ಹೂ ಬಿಟ್ಟ ಮೇಲೆ, ಅಂದರೆ ಹಲವು ವರ್ಷ ನೀರು ಹಾಕಿದ ಮೇಲೆ. ಹೆಣ್ಣು ಮರ ಸಿಕ್ಕರೂ ನೀವು ತಿಂದ ಅಜ್ವಾ ತಳಿಯ ಖರ್ಜೂರದ ರುಚಿ ಅದರಲ್ಲಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ತೋಟ ಮಾಡುವವರು ತಾಯಿ ಮರದ ಮರಿಯನ್ನೋ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿಯನ್ನೋ ಹಾಕುವುದು ಇದಕ್ಕೇ. ಅಂಗಾಂಶ ಕೃಷಿಯ ಖರ್ಜೂರದ ಸಸಿ ನಮ್ಮ ದೇಶದಲ್ಲೇ ಸಿಗುತ್ತದೆ. ಬರದ ನೆಲಕ್ಕೆ ಖರ್ಜೂರ ಹಾಕುವ ಆಸೆ ಇದ್ದವರು ಆ ದಾರಿ ಹಿಡಿಯಲಿ.

ಸ್ವಂತಕ್ಕೆ ಸ್ವಲ್ಪ ಹಣ್ಣು ತರೋದಕ್ಕೂ ಪರವಾನಗಿ ಬೇಕಾ?

ಬೇಡ, ಒಂದು ಮಿತಿ ಇದೆ. ನಮ್ಮ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದಲ್ಲಿ ಸ್ವಂತ ಬಳಕೆಯ 2 ಕೆಜಿಗಿಂತ ಕಡಿಮೆ ತೂಕದ ಹಣ್ಣು, ತರಕಾರಿ, ಕತ್ತರಿಸಿದ ಹೂವು, ಹಾರ, ಬೊಕೆಗೆ ವಿನಾಯಿತಿ ಕೊಟ್ಟಿದೆ. ಬೀಜ, ಸಸಿ ಈ ವಿನಾಯಿತಿಯಲ್ಲಿ ಇಲ್ಲ. ವಿನಾಯಿತಿ ಇದ್ದರೂ ಹಣ್ಣು ಕೊಳೆತಿದ್ದರೆ, ಹುಳ ಕಂಡರೆ ತೆಗೆದು ಹಾಕುತ್ತಾರೆ.

ಥಾಯ್ಲೆಂಡ್‌ನಲ್ಲಿ ಅಡೇನಿಯಂ, ಆರ್ಕಿಡ್ ಎಷ್ಟು ಚೆಂದ ಇರ್ತಾವ್ರಿ! ಅಂಗಡಿಯವನು ಸರ್ಟಿಫಿಕೇಟ್ ಕೊಡ್ತೀನಿ ಅಂದ.

ಅಂಗಡಿಯವನು ಕೊಡುವ ಚೀಟಿ ನಡೆಯುವುದಿಲ್ಲ. ಫೈಟೋ ಸರ್ಟಿಫಿಕೇಟ್ ಕೊಡುವುದು ಆ ದೇಶದ ಸರ್ಕಾರದ ಸಸ್ಯ ಸಂರಕ್ಷಣಾ ಇಲಾಖೆ ಮಾತ್ರ. ಅದಿದ್ದರೂ ನಮ್ಮ ಕಡೆಯ ಆಮದು ಪರವಾನಗಿ ಮೊದಲೇ ಕೈಯಲ್ಲಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಗಿಡ ಏರ್‌ಪೋರ್ಟ್ ದಾಟುವುದಿಲ್ಲ. ಆರ್ಕಿಡ್‌ಗೆ ಇನ್ನೊಂದು ಕಟ್ಟೂ ಇದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಅವು ಇವೆ. ಕಳ್ಳಿ ಜಾತಿಯ ಬಹುತೇಕ ಗಿಡಗಳೂ ಹಾಗೇ. ಬಳ್ಳಾರಿಯ ಬಿಸಿಲಿಗೆ ಅಡೇನಿಯಂ ಚೆನ್ನಾಗಿ ಬರುತ್ತದೆ, ನಿಜ. ಇಲ್ಲಿನ ನರ್ಸರಿಗಳಲ್ಲೇ ಒಳ್ಳೊಳ್ಳೆಯ ಬಣ್ಣ ಸಿಗುತ್ತವೆ.

ಇಸ್ರೇಲಿಗೆ ರೈತರ ಟೂರ್ ಹೋಗ್ತಿದೀವಿ. ಹೊಲದಲ್ಲಿ ಓಡಾಡಿ ಬರೋದು ಅಷ್ಟೇ. ನಮಗೇನು?

ನಿಮಗಲ್ಲದಿದ್ದರೂ ನಿಮ್ಮ ಬೂಟಿಗೆ ನಿಯಮ ಇದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಬೂಟಿನ ತಳದ ಗೀರುಗಳೊಳಗೆ ಹೊಕ್ಕಿ ಕಲ್ಲಿನಂತೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಆ ಮಣ್ಣಿನಲ್ಲಿ ಜಂತುಹುಳ, ಶಿಲೀಂಧ್ರ, ಕಳೆಬೀಜ ಎಲ್ಲವೂ ಇರುತ್ತದೆ. ಹೋಗುವ ಮುಂಚೆಯೂ ಬರುವ ಮುಂಚೆಯೂ ಹಳೆಯ ಬ್ರಷ್ಷಿನಿಂದ ತಿಕ್ಕಿ ತೊಳೆದು ಒಣಗಿಸಿ. ಪ್ಯಾಂಟಿನ ಮಡಿಕೆ, ಜೇಬಿನ ಮೂಲೆ ಕೊಡವಿ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಹೊಲಕ್ಕೆ ಹೋಗಿದ್ದಿರಾ ಅಂತ ನೇರವಾಗಿ ಕೇಳುತ್ತಾರೆ, ಹೌದು ಅನ್ನಿ. ಅಲ್ಲಿನ ಹೊಲದ ತೆನೆ, ಬೀಜವನ್ನು ನೆನಪಿಗೆ ಅಂತ ಜೇಬಿಗೆ ಹಾಕಬೇಡಿ. ಫೋಟೋ ತೆಗೆದುಕೊಳ್ಳಿ, ತಳಿಯ ಹೆಸರು ಬರೆದುಕೊಳ್ಳಿ. ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಲು ಅಷ್ಟು ಸಾಕು.

ಆನ್‌ಲೈನ್‌ನಲ್ಲಿ ಹೊರದೇಶದ ಬೀಜ ತರಿಸಿದ್ರೆ ಏರ್‌ಪೋರ್ಟಿನ ಗೊಡವೆನೇ ಇಲ್ವಲ್ಲ?

ಅಂಚೆ, ಕೊರಿಯರ್‌ಗೂ ಇದೇ ಕಾನೂನು. 2020ರಲ್ಲಿ ಕೇಳದೇ ಬಂದ ಬೀಜದ ಪೊಟ್ಟಣಗಳು ಹಲವು ದೇಶಗಳಲ್ಲಿ ಗಾಬರಿ ಎಬ್ಬಿಸಿದವು, ನಮ್ಮ ಕೃಷಿ ಸಚಿವಾಲಯವೂ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತು. ಅಂಥದ್ದು ಬಂದರೆ ನೆಡಬೇಡಿ, ಕಸಕ್ಕೂ ಎಸೆಯಬೇಡಿ. ಕಸದಲ್ಲೂ ಮೊಳೆಯುತ್ತದೆ. ಪೊಟ್ಟಣ ಸಮೇತ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಪ್ಪಿಸಿ.

## ಕಾಗದಪತ್ರ ಮಾಡಿಸಿಯೇ ತರುವವರಿಗೆ, ಒಯ್ಯುವವರಿಗೆ

ಸರಿಯಾದ ದಾರಿಯಲ್ಲೇ ಬೀಜ ತರಬೇಕು. ಎಲ್ಲಿಂದ ಶುರು ಮಾಡಲಿ?

ಮೂಲ ಕಾನೂನು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ. ಅದರ ಕೆಳಗೆ 2003ರ ಆದೇಶ. ಆ ಆದೇಶದ ಪಟ್ಟಿಗಳಲ್ಲಿ ನಿಮ್ಮ ಬೆಳೆ ಎಲ್ಲಿದೆ ಅಂತ ಮೊದಲು ನೋಡಿ. ನಾಲ್ಕನೇ ಪಟ್ಟಿ ಪೂರ್ತಿ ನಿಷೇಧದ್ದು. ಐದನೆಯದು ಸರ್ಕಾರ ಒಪ್ಪಿದ ಸಂಸ್ಥೆಗಳ ಶಿಫಾರಸು ಇದ್ದರೆ ಮಾತ್ರ ತರಬಹುದಾದ್ದು. ಆರನೆಯದರಲ್ಲಿ ಪ್ರತಿ ಬೆಳೆಗೂ, ಪ್ರತಿ ದೇಶಕ್ಕೂ ಯಾವ ಯಾವ ರೋಗ ಇಲ್ಲ ಅಂತ ಆ ದೇಶ ಬರೆದುಕೊಡಬೇಕು ಅನ್ನುವುದಿದೆ. ಏಳನೆಯದು ಹೆಚ್ಚಾಗಿ ತಿನ್ನುವ, ಸಂಸ್ಕರಿಸುವ ಪದಾರ್ಥದ್ದು.

ಬೆಳೆ ತರಬಹುದಾದ ಪಟ್ಟಿಯಲ್ಲಿದ್ದರೆ ಸಸ್ಯ ಸಂರಕ್ಷಣಾ ನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಪರವಾನಗಿಗೆ ಅರ್ಜಿ ಹಾಕಬೇಕು. ನಿರ್ದೇಶನಾಲಯ ಇರುವುದು ಫರೀದಾಬಾದಿನಲ್ಲಿ. ಸಂಶೋಧನೆಗೆ ತಳಿ ತರಿಸುವವರಿಗೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಪರವಾನಗಿ ಕೊಡುತ್ತದೆ. ಪರವಾನಗಿ ಬಂದ ಮೇಲೆ ಅದರ ಪ್ರತಿಯನ್ನು ಮಾರುವವರಿಗೆ ಕಳಿಸಿ. ಅದರಲ್ಲಿರುವ ಷರತ್ತನ್ನೇ ಅಲ್ಲಿನ ಫೈಟೋ ಸರ್ಟಿಫಿಕೇಟಿನಲ್ಲಿ ಬರೆಸಬೇಕು. ಒಂದು ಸಾಲು ತಪ್ಪಿದರೂ ಸರಕು ನಿಲ್ಲುತ್ತದೆ. ಧೂಮೀಕರಣ (ಹುಳ ಸಾಯಲು ವಿಷದ ಹೊಗೆ ಹಾಕುವುದು), ವಾಪಸ್ ಕಳಿಸುವುದು, ಸುಡುವುದು, ಎಲ್ಲದರ ಖರ್ಚೂ ತರಿಸಿದವರದ್ದೇ.

ಸಸಿ ಬಂದ್ಮೇಲೆ ಮತ್ತೆ ಕ್ವಾರಂಟೈನ್ ಅಂತಾರೆ. ಅದೇನು?

ಕೆಲವು ರೋಗ ಗಿಡ ಬೆಳೆದ ಮೇಲೆಯೇ ಕಾಣುತ್ತದೆ. ಅದಕ್ಕೆ ಸಸಿ, ಕಡ್ಡಿಗಳನ್ನು ಒಪ್ಪಿಗೆ ಪಡೆದ ಬೇರೆ ಜಾಗದಲ್ಲಿ, ಉಳಿದ ಬೆಳೆಯಿಂದ ದೂರ, ನಿಗದಿಯಾದಷ್ಟು ಕಾಲ ಬೆಳೆಸಬೇಕು. ತಜ್ಞರು ಬಂದು ನೋಡುತ್ತಾರೆ. ಆ ಜಾಗ ತಯಾರಿದೆ ಅಂತ ಮೊದಲೇ ತೋರಿಸಿದರೆ ಮಾತ್ರ ಪರವಾನಗಿ. ಇದರ ಖರ್ಚು ನೋಡಿದರೆ ಒಬ್ಬ ರೈತ ತಾನೇ ತರಿಸುವುದಕ್ಕಿಂತ ರೈತ ಉತ್ಪಾದಕ ಸಂಸ್ಥೆಯೋ ಪರವಾನಗಿಯುಳ್ಳ ನರ್ಸರಿಯೋ ತರಿಸುವುದು ಮೇಲು.

ಅಮೆರಿಕದ ಹಿತ್ತಲಲ್ಲಿ ಚವಳಿಕಾಯಿ, ಹೀರೆ ಬೆಳೀಬೇಕು. ಬೀಜ ಒಯ್ಯೋಕೆ ದಾರಿನೇ ಇಲ್ವಾ?

ಇದೆ. ಚಿಕ್ಕ ಪ್ರಮಾಣದ ಬೀಜಕ್ಕೆ ಅವರ ಕೃಷಿ ಇಲಾಖೆ ಒಂದು ಪರವಾನಗಿ ಕೊಡುತ್ತದೆ. ಅದಿದ್ದರೆ ಫೈಟೋ ಸರ್ಟಿಫಿಕೇಟ್ ಬೇಡ. ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 50 ಬೀಜ ಅಥವಾ 10 ಗ್ರಾಂ, ಒಂದು ಸಲಕ್ಕೆ 50 ಪೊಟ್ಟಣ. ಪ್ರತಿ ಪೊಟ್ಟಣದ ಮೇಲೂ ಗಿಡದ ವೈಜ್ಞಾನಿಕ ಹೆಸರು ಇರಬೇಕು. ಮಣ್ಣು, ಹೊಟ್ಟು, ಔಷಧಿ ಲೇಪ ಇರಬಾರದು. ಎಲ್ಲ ಬೆಳೆಗೂ ಇದು ನಡೆಯುವುದಿಲ್ಲ. ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ 2019ರಲ್ಲಿ ಬೇರೆ ಬಿಗಿ ತಂದರು, ಸೌತೆ ಹೀರೆ ಜಾತಿಯನ್ನೂ ಮೊದಲೇ ಕೇಳಿಕೊಳ್ಳಬೇಕು. ಅರ್ಜಿ ಹಾಕುವುದು ಅಲ್ಲಿರುವ ಮಗ, ಮಗಳ ಕೆಲಸ, ಅದೂ ನೀವು ಹೊರಡುವ ಎಷ್ಟೋ ದಿನ ಮುಂಚೆ.

ಗಿಡಕ್ಕಾದರೆ ಲೆಕ್ಕ ಬೇರೆ. ಬೇರಿನ ಮಣ್ಣು ಪೂರ್ತಿ ತೊಳೆದ 12 ಗಿಡದವರೆಗೆ ಫೈಟೋ ಸರ್ಟಿಫಿಕೇಟ್ ಇದ್ದರೆ ಪರವಾನಗಿ ಬೇಡ. ಆ ಗಿಡ ಅವರ ನಿರ್ಬಂಧದ ಪಟ್ಟಿಯಲ್ಲಿ ಇರಬಾರದು, ಅಷ್ಟೇ.

ನಮ್ಮಪ್ಪನ ಕಾಲದ ನಾಟಿ ಜೋಳದ ಬೀಜ ಇದೆ. ಹೊರದೇಶದ ಸಂಶೋಧಕರು ಸ್ವಲ್ಪ ಕೊಡಿ ಅಂತಿದಾರೆ. ಕೊಡಬಹುದಾ?

ತಡೆಯಿರಿ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ ನಿಮ್ಮ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಬೇರೆ ರೈತರ ಜೊತೆ ಹಂಚಿಕೊಳ್ಳಲು, ಬ್ರ್ಯಾಂಡ್ ಹಾಕದೆ ಮಾರಲು ನಿಮಗೆ ಹಕ್ಕಿದೆ. ಹೊರದೇಶದವರು ಸಂಶೋಧನೆಗೆ ಪಡೆಯುವುದು ಬೇರೆ ಮಾತು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅವರು ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಮೊದಲು ತರಬೇಕು. ಮುಂದೆ ಆ ಬೀಜದಿಂದ ಲಾಭ ಬಂದರೆ ನಿಮಗೂ ಪಾಲು ಬರಲಿ ಅನ್ನುವುದಕ್ಕೇ ಈ ಏರ್ಪಾಡು. ಪ್ರೀತಿಯಿಂದ ಕೇಳಿದರು ಅಂತ ಪೊಟ್ಟಣ ಕಟ್ಟಿ ಕೊಟ್ಟರೆ ಆ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ. ಮೊದಲು ರಾಯಚೂರು ಕೃಷಿ ವಿಶ್ವವಿದ್ಯಾಲಯದವರ ಹತ್ತಿರ ಮಾತಾಡಿ, ತಳಿಯನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸುವ ದಾರಿ ಕೇಳಿ.

ಕಳೆನಾಶಕ ಹೊಡೆದ್ರೂ ಸಾಯದ ಹತ್ತಿ ಬೀಜ ಹೊರಗೆ ಸಿಗುತ್ತಂತೆ. ಒಂದು ಪ್ಯಾಕೆಟ್ ತರಲಾ?

ಬೇಡ. ಕುಲಾಂತರಿ ಬೀಜ ತರುವುದಕ್ಕೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮದಂತೆ ಇಂಥ ತಳಿಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿಯ ಒಪ್ಪಿಗೆ ಬೇಕು. ಬಿಟಿ ಹತ್ತಿಗೆ ಆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಕಳೆನಾಶಕ ತಡೆಯುವ ಹತ್ತಿಗೆ ಬೇಸಾಯದ ಒಪ್ಪಿಗೆ ಸಿಕ್ಕಿಲ್ಲ. ಹೊರಗಿಂದ ತಂದರೂ ತಪ್ಪು, ಇಲ್ಲಿ ಕದ್ದು ಮಾರುವವರಿಂದ ಕೊಂಡರೂ ತಪ್ಪು. ಬೀಜ ಮೊಳೆಯದಿದ್ದರೆ ಬಿಲ್ಲಿಲ್ಲದ ಆ ಪ್ಯಾಕೆಟ್ಟಿಗೆ ಪರಿಹಾರ ಕೇಳಲೂ ಆಗುವುದಿಲ್ಲ.